ಅಮಾವಾಸ್ಯೆಯಂದು ಬಾರದ ಅಹವಾಲುಗಳು

ಹುನಗುಂದದ ಕೋರ್ಟಿನ ಎದುರು, ಬೇವಿನ ಮರದ ಕೆಳಗೆ ಕುಳಿತು ನಾನು ಬದುಕಿನ ಬಹುಪಾಲು ದಿನಗಳನ್ನು ಇತರರ ಅರ್ಜಿಗಳನ್ನು ಬರೆಯುವುದರಲ್ಲಿ ಕಳೆದಿದ್ದೇನೆ. ನಾನು ಸಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ ಮಾತ್ರ. ಮುಂದಿನದ್ದನ್ನೆಲ್ಲ ರದ್ದಿ ಅಂಗಡಿಯ ಪುಸ್ತಕಗಳಿಂದ, ವಕೀಲರು ಮಡಚಿ ಎಸೆದ ಪತ್ರಿಕೆಗಳಿಂದ ನಾನೇ ಕಲಿತುಕೊಂಡೆ. ಹಾಗೆ ಕಲಿತವನಿಗೆ ಯಾವ ಮಾತನ್ನೂ ಹೇಳಿದ ಕೂಡಲೇ ನಂಬದಿರುವ ಚಾಳಿ ಅಂಟಿಕೊಳ್ಳುತ್ತದೆ. ಒಮ್ಮೆ ಬಾದಾಮಿಯ ಗುಹೆಗಳ ಹತ್ತಿರ ಗೈಡ್ ಒಬ್ಬರು ಮೆಟ್ಟಿಲುಗಳು ಇಷ್ಟಿವೆ ಎಂದು ಹೇಳಿದಾಗ, ಮೇಲೆ ತಲುಪಿದ್ದ ನಾನು ಮತ್ತೆ ಕೆಳಗಿಳಿದು ಎಣಿಸುತ್ತ ಹತ್ತಿದ್ದೆ. ಲೆಕ್ಕ ಹೊಂದಲಿಲ್ಲ. "ಅಜ್ಜಾರ, ನಾವು ದಿನಾ ಹೇಳೂದು ಇಷ್ಟ ರೀ" ಎಂದರು ಅವರು. "ದಿನಾ ಹೇಳಿದ್ರ ಮೆಟ್ಟಲಾ ಹೆಚ್ಚಾಗ್ತಾವೇನು?" ಎಂದು ಕೇಳಿದೆ. ಅವರು ನನ್ನನ್ನು ಬಿಟ್ಟು ಉಳಿದವರ ಜೊತೆ ಮುಂದಕ್ಕೆ ಹೋದರು.

ಅರ್ಜಿ ಬರೆಯುವ ಕೆಲಸ ನನಗೆ ಇನ್ನೊಂದನ್ನು ಕಲಿಸಿತು. ಮನುಷ್ಯರು ತಮ್ಮ ದೂರನ್ನು ನೇರವಾಗಿ ಹೇಳುವುದಿಲ್ಲ. ಬದುವಿನ ತಕರಾರು ಹೇಳಲು ಬಂದವನು ಮೊದಲ ಅರ್ಧ ತಾಸು ತನ್ನ ಎಮ್ಮೆಯ ವಿಷಯ ಹೇಳುತ್ತಾನೆ. ಊರು ಯಾವುದು, ಸರ್ವೆ ನಂಬರು ಎಷ್ಟು ಎಂದು ಹೊರಡಿಸುವುದರಲ್ಲಿ ಇನ್ನೊಂದು ತಾಸು ಹೋಗುತ್ತದೆ. ಎಷ್ಟೋ ವರ್ಷಗಳ ಹಿಂದೆ ಒಬ್ಬ ಹೆಣ್ಣುಮಗಳು ನನ್ನೆದುರು ಬಂದು ಕುಳಿತು, ಏನನ್ನೂ ಹೇಳದೆ, ನಾನು ಬಿಡಿಸಿಟ್ಟ ಬಿಳಿ ಹಾಳೆಯನ್ನು ನೋಡಿ ಎದ್ದುಹೋದಳು. ಆ ಹಾಳೆಯಲ್ಲಿ ನಾನು ಏನನ್ನು ಬರೆಯಬೇಕಾಗಿತ್ತು ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಮುಂದೆ ಹೇಳುವ ಸಂಗತಿಯಲ್ಲಿ ಅವಳು ನನಗೆ ಮತ್ತೆ ಮತ್ತೆ ನೆನಪಾದಳು.

ನನ್ನ ತಂಗಿಯ ಮಗಳು ಬಾಗಲಕೋಟೆಯ ನವನಗರದಲ್ಲಿ ಎರಡು ಕೋಣೆಯ ಒಂದು ಕಚೇರಿ ಇಟ್ಟುಕೊಂಡು ಗೆಳತಿಯೊಬ್ಬಳ ಜೊತೆಗೂಡಿ ಮೊಬೈಲಿನ ಆ್ಯಪ್‌ಗಳನ್ನು ಮಾಡುತ್ತಾಳೆ. ಇಳಕಲ್ಲಿನ ನೇಕಾರರ ಸಂಘವೊಂದು ಅವರಿಗೆ ಕೆಲಸ ಕೊಟ್ಟಿತ್ತು. ಹೊಸ ಸೀರೆಯ ದಡಿಯ ನಮೂನೆಯನ್ನು ಕಾಗದದ ಮೇಲೆ ಬರೆದು ಮನೆಮನೆಗೆ ಹಂಚುವುದರ ಬದಲು ಅದು ನೇಕಾರರ ಫೋನಿನಲ್ಲೇ ಕಾಣಬೇಕು, ಯಾವ ಸಾಲಿಗೆ ಯಾವ ಬಣ್ಣದ ಎಳೆ ಎಂಬುದು ಸಾಲುಸಾಲಾಗಿ ಬೆಳಗಬೇಕು ಎಂಬುದು ಅವರ ಬೇಡಿಕೆ. ಆ್ಯಪ್ ಸಿದ್ಧವಾಯಿತು. ಮೂವತ್ತು ಮನೆಗಳವರು ತೆಗೆದುಕೊಂಡರು. ತಿಂಗಳಾಗುವುದರೊಳಗೆ ಒಬ್ಬೊಬ್ಬರಾಗಿ ಅದನ್ನು ತೆರೆಯುವುದನ್ನೇ ಬಿಟ್ಟರು. ಏಕೆ ಎಂದು ಯಾರೂ ಹೇಳಲಿಲ್ಲ. ಕೇಳಿದರೆ "ಛಲೋ ಐತ್ರಿ" ಎನ್ನುತ್ತಿದ್ದರು.

ಸಂಘದ ಅಧ್ಯಕ್ಷರ ಬಳಿ ಮಾತ್ರ ಸಿದ್ಧ ಉತ್ತರವಿತ್ತು. "ಮಗ್ಗದ ಮಂದಿಗೆ ಇದೆಲ್ಲಾ ತಿಳಿಯಂಗಿಲ್ಲವ್ವಾ. ಶ್ರಾವಣ ಮುಗಿಯೂತನಾ ನೋಡ್ತೇವಿ. ಆಗಲೂ ಯಾರೂ ತಗೀಲಿಲ್ಲಂದ್ರ ಕಾಗದಾನ ಗತಿ."

ಅದು ಆಷಾಢದ ಮೊದಲ ವಾರ. ಅವಳ ಕೈಯಲ್ಲಿ ಇದ್ದದ್ದು ಅದೊಂದೇ ದೊಡ್ಡ ಕೆಲಸ. "ಇದು ಹೋತಂದ್ರ ಬಾಗಲಕ್ಕ ಕೀಲಿ ಹಾಕೂದು, ಮಾಮಾ" ಎಂದಳು. "ಮತ್ತ ಆ ಹಳೇ ನೌಕರಿಗೆ ಹೋಗಿ ಮಂದಿ ಹೇಳಿದ್ದನ್ನ ಟೈಪ್ ಮಾಡ್ಕೋತ ಕುಂದ್ರೂದು." ಇದನ್ನು ಹೇಳುವಾಗ ಅವಳು ನನ್ನ ಕಡೆ ನೋಡದೆ ಚಹಾದ ಲೋಟವನ್ನು ನೋಡುತ್ತಿದ್ದಳು.

ಅವಳು ಕಂಡುಕೊಂಡ ಉಪಾಯವೆಂದರೆ ಆ್ಯಪಿನೊಳಗೆ ಒಂದು ಟೂಲ್‌ಕಿಟ್ ಸೇರಿಸುವುದು. ಬೇರೆ ಯಾರೋ ಮಾಡಿಟ್ಟದ್ದನ್ನು ತಂದು ನಾಲ್ಕಾರು ಸಾಲು ಕೋಡ್ ಬರೆದು ತನ್ನದಕ್ಕೆ ಜೋಡಿಸಿದಳು. ಅದು ಎರಡು ಕೆಲಸ ಮಾಡುತ್ತಿತ್ತು. ಒಂದು ಉಸ್ತುವಾರಿಯದು: ಯಾವ ಫೋನಿನಲ್ಲಿ ಆ್ಯಪಿನ ಯಾವ ಆವೃತ್ತಿ ಇದೆ, ಅದು ಎಲ್ಲಿ ನಿಂತುಹೋಯಿತು ಎಂಬುದನ್ನು ಅವಳಿಗೆ ತಿಳಿಸುವುದು, ಹೊಸ ಆವೃತ್ತಿಯನ್ನು ಬೇಕಾದವರಿಗಷ್ಟೇ ಕಳಿಸುವುದು, ಸಣ್ಣ ಬದಲಾವಣೆಗಳನ್ನು ಕುಳಿತಲ್ಲಿಂದಲೇ ಮಾಡುವುದು. ಇನ್ನೊಂದು ಕಿವಿಗೊಡುವುದು: ಫೋನನ್ನು ಅಲ್ಲಾಡಿಸಿದರೆ ಒಂದು ಪೆಟ್ಟಿಗೆ ತೆರೆಯುತ್ತದೆ, ಬಳಸುವವರು ತಮ್ಮ ತೊಂದರೆಯನ್ನು ಅಲ್ಲಿ ಬರೆದು ಕಳಿಸಬಹುದು, ಆ ಗಳಿಗೆಯಲ್ಲಿ ಪರದೆ ಹೇಗಿತ್ತೋ ಅದರ ಚಿತ್ರವೂ ಜೊತೆಗೆ ಹೋಗುತ್ತದೆ.

ನಾನು ನಂಬಲಿಲ್ಲ. ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು. ನಾನು ಅಲ್ಲಾಡಿಸಿದೆ; ಏನೂ ಆಗಲಿಲ್ಲ.

"ಜೋರಾಗಿ, ಮಾಮಾ."

"ನನ್ನ ವಯಸ್ಸಿನವರ ಕೈಯಾಗ ಇದಕ್ಕಿಂತ ಜೋರು ಎಲ್ಲಿಂದ ತರ್ತಿ? ಇಳಕಲ್ಲಿನ್ಯಾಗೂ ಮುದುಕರು ಅದಾರ. ಇದನ್ನ ಹಗುರ ಮಾಡು."

ಅವಳು ಹಗುರ ಮಾಡಿದಳು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಅವಾಂತರಕ್ಕೆ ಕಾರಣ ನಾನೇ.

ಈ ಸಲ ಮಣಿಕಟ್ಟು ತಿರುಗಿಸಿದಷ್ಟಕ್ಕೇ ಪೆಟ್ಟಿಗೆ ತೆರೆಯಿತು. "ಅಕ್ಷರಗಳು ಚಿಕ್ಕವಾಗಿವೆ" ಎಂದು ಬರೆದು ಕಳಿಸಿದೆ. ನಾನು ತಲೆಯೆತ್ತುವಷ್ಟರಲ್ಲಿ ಅದು ಮೇಜಿನಾಚೆಯ ಅವಳ ಲ್ಯಾಪ್‌ಟಾಪಿನಲ್ಲಿತ್ತು. ನಾನು ನೋಡುತ್ತಿದ್ದ ಪುಟದ ಚಿತ್ರ, ಫೋನಿನ ಮಾದರಿ, ಬ್ಯಾಟರಿ ಎಷ್ಟು ಉಳಿದಿದೆ ಎಂಬುದು, ಗಂಟೆ, ನಿಮಿಷ, ಸೆಕೆಂಡು, ಎಲ್ಲವೂ ಅದರ ಜೊತೆ ಬಂದಿದ್ದವು. ಬೇವಿನ ಮರದ ಕೆಳಗೆ ಒಬ್ಬ ಮನುಷ್ಯನಿಂದ ಅರ್ಧ ದಿನ ಕೇಳಿ ಕೇಳಿ ಹೊರಡಿಸುತ್ತಿದ್ದ ವಿವರಗಳು ಇಲ್ಲಿ ಕೇಳದೆಯೇ ಬಂದು ಸಾಲಾಗಿ ನಿಂತಿದ್ದವು.

ಪೆಟ್ಟಿಗೆಯ ಮೇಲಿನ ಕನ್ನಡವನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. "ತಮ್ಮ ಅಹವಾಲನ್ನು ಈ ಕೆಳಗೆ ನಮೂದಿಸಿ ಸಲ್ಲಿಸತಕ್ಕದ್ದು" ಎಂದು ಬರೆದೆ. ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಮಾಮಾ, ಇದನ್ನ ಓದಿದವ್ರು ಕಟಕಟ್ಯಾಗ ನಿಂತಂಗ ನಡಗ್ತಾರ" ಎಂದಳು ತಂಗಿಯ ಮಗಳು. ಕೊನೆಗೆ "ಏನು ತೊಂದರೆ?" ಎಂದಷ್ಟೇ ಉಳಿಯಿತು. ಕೆಳಗೆ "ಕಳಿಸಿ" ಎಂಬ ಒಂದೇ ಒಂದು ಹಸಿರು ಗುಂಡಿ. ಅಧ್ಯಕ್ಷರು ಎಲ್ಲ ಮನೆಗಳಿಗೂ ಹೇಳಿಕಳಿಸಿದರು: ಇನ್ನೊಂದು ಸಲ ಬಳಸಿ ನೋಡಿರಿ, ತೊಂದರೆ ಇದ್ದರೆ ಬರೆಯಿರಿ.

ಮರುದಿನದಿಂದ ಅಹವಾಲುಗಳು ಬಂದವು. ಹತ್ತಲ್ಲ, ಇಪ್ಪತ್ತಲ್ಲ, ಪರದೆ ಸರಿಸಿದಷ್ಟೂ ಮುಗಿಯದಷ್ಟು. ಒಂದರಲ್ಲೂ ಒಂದೂ ಅಕ್ಷರವಿರಲಿಲ್ಲ. "ಏನು ತೊಂದರೆ?" ಎಂಬ ಪ್ರಶ್ನೆಯ ಕೆಳಗೆ ಬರೀ ಬಿಳುಪು.

"ಹುಡುಗ್ರು ಆಟಾ ಆಡ್ತಾವ" ಎಂದಳು ಗೆಳತಿ. ಅಧ್ಯಕ್ಷರೂ ಫೋನಿನಲ್ಲಿ ಅದನ್ನೇ ಹೇಳಿದರು. ಒಂದೇ ಮಾತನ್ನು ಇಬ್ಬರು ಹೇಳಿದರೆ ಅದು ನಿಜವೆಂದು ಜನ ತಿಳಿಯುತ್ತಾರೆ. ನನಗಾದರೆ ಅಲ್ಲಿಂದಲೇ ಸಂಶಯ ಶುರುವಾಗುತ್ತದೆ. ತಂಗಿಯ ಮಗಳು ಖಾಲಿ ಬಂದದ್ದನ್ನೆಲ್ಲ ತಾನಾಗಿಯೇ ಅಳಿಸಿಹಾಕುವಂತೆ ಮಾಡಲು ಹೊರಟಿದ್ದಳು. ಬಿಳಿ ಹಾಳೆ ನೋಡಿ ಎದ್ದುಹೋದ ಹೆಣ್ಣುಮಗಳು ಆಗ ನೆನಪಾದಳು.

"ಅಳಸಬ್ಯಾಡ. ಇಷ್ಟೂ ನನಗ ಪ್ರಿಂಟ್ ತಗದು ಕೊಡು."

"ಖಾಲಿ ಹಾಳಿ ಪ್ರಿಂಟ್ ತಗೊಂಡು ಏನ್ ಮಾಡ್ತಿ, ಮಾಮಾ?"

"ಓದ್ತೇನಿ."

ಅವಳು ಗೆಳತಿಯ ಮುಖ ನೋಡಿದಳು. ಮುದುಕನಿಗೆ ತಲೆ ಕೆಟ್ಟಿತೆಂದು ಇಬ್ಬರೂ ಅಂದುಕೊಂಡರೇನೋ. ಆದರೂ ಮುದ್ರಿಸಿ ಕೊಟ್ಟಳು. ಆ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹುನಗುಂದದ ಬಸ್ಸು ಹತ್ತಿದೆ. ಕಿಸೆಯಲ್ಲಿ ನನ್ನ ಫೋನಿತ್ತು, ಅದರಲ್ಲಿ ಅವಳು ಹಾಕಿಕೊಟ್ಟಿದ್ದ ಆ್ಯಪ್ ತೆರೆದೇ ಇತ್ತು. ಬಸ್ಸು ಶಿರೂರು ದಾಟುವಷ್ಟರಲ್ಲಿ ಎರಡು ಸಲ ಪೆಟ್ಟಿಗೆ ತಾನಾಗಿಯೇ ತೆರೆದಿತ್ತು. ನನಗೆ ಹಿಗ್ಗೋ ಹಿಗ್ಗು. ಮನೆ ಮುಟ್ಟಿದವನೇ ಅವಳಿಗೆ ಫೋನು ಮಾಡಿ, ಇದು ಮಕ್ಕಳ ಆಟವಲ್ಲ, ನೇಕಾರರು ಬಸ್ಸಿನಲ್ಲಿ ಓಡಾಡುವಾಗ ರಸ್ತೆಯ ತಗ್ಗುಗಳು ಈ ಅಹವಾಲುಗಳನ್ನು ಬರೆಯುತ್ತಿವೆ ಎಂದು ಠರಾಯಿಸಿ ಹೇಳಿದೆ. "ಮೂವತ್ತೂ ಮನಿಯವರು ದಿನಾ ಬಸ್ಸಿನ್ಯಾಗ ಎಲ್ಲಿಗೆ ಹೊಂಟಾರ?" ಎಂದಳು. ಆದರೂ ನಾನು ನನ್ನ ಮಾತನ್ನು ಬಿಡಲಿಲ್ಲ.

ಮೂರು ದಿನ ಮುಂಜಾನೆಯಿಂದ ಊಟದ ಹೊತ್ತಿನ ತನಕ ಪೆನ್ಸಿಲ್ ಹಿಡಿದು ಆ ಹಾಳೆಗಳನ್ನು ಓದಿದೆ. ಬರೆದದ್ದೇನೂ ಇಲ್ಲದಾಗ ಕಣ್ಣು ಉಳಿದದ್ದರ ಮೇಲೆ ನಿಲ್ಲುತ್ತದೆ. ಒಂದೊಂದು ಫೋನಿನ ಹಾಳೆಗಳನ್ನು ಬೇರೆ ಮಾಡಿ ಹೊತ್ತಿನ ಪ್ರಕಾರ ಜೋಡಿಸಿದೆ. ಒಂದು ಫೋನಿನಿಂದ ಮುಂಜಾನೆ ಒಂದರ ಹಿಂದೊಂದು ಬರುತ್ತಿದ್ದವು, ನಡುವಿನ ಅಂತರ ಹೆಚ್ಚುಕಡಿಮೆ ಒಂದೇ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಅದೇ ಓಟ. ಮಧ್ಯಾಹ್ನ ಎಲ್ಲ ಫೋನುಗಳೂ ಒಟ್ಟಿಗೇ ಸುಮ್ಮನಾಗುತ್ತಿದ್ದವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದೊಂದಾಗಿ ನಿಲ್ಲುತ್ತಿದ್ದವು. ಇನ್ನೊಂದು ವಿಚಿತ್ರವಿತ್ತು. ಪ್ರತಿ ಚಿತ್ರದಲ್ಲೂ ನಮೂನೆಯ ಪುಟ ಕೆಳಗಿನ ಸಾಲುಗಳತ್ತ ಸರಿದಿತ್ತು. ಮೇಲಿನ ಒಂದನೆಯ ಸಾಲನ್ನು ನೋಡುತ್ತಿದ್ದವರು ಒಬ್ಬರೂ ಇಲ್ಲ. ಒಂದೊಂದು ಫೋನಿನ ಮೊಟ್ಟಮೊದಲ ಚಿತ್ರದಲ್ಲೇ ಎಲ್ಲರೂ ಕೊನೆಯ ಸಾಲಿನಲ್ಲಿದ್ದರು.

ನಾಲ್ಕನೆಯ ದಿನ ಅವಳು ಹೊಸ ಕಟ್ಟು ಕಳಿಸಿದಳು. ಅದರಲ್ಲಿ ಒಂದು ದಿನದ ಹಾಳೆಗಳೇ ಇರಲಿಲ್ಲ. ಕಳೆದುಹೋದವೇನೋ ಎಂದು ಕೇಳಿದೆ. ಇಲ್ಲ, ಆ ದಿನ ಒಂದೂ ಬರಲಿಲ್ಲವಂತೆ, ಮೂವತ್ತು ಫೋನುಗಳಲ್ಲಿ ಒಂದರಿಂದಲೂ. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ನಿಂತೆ. ಅದು ನಾಗರ ಅಮಾವಾಸ್ಯೆ.

ಮಕ್ಕಳ ಆಟಕ್ಕೆ ಅಮಾವಾಸ್ಯೆಯ ಹಂಗಿಲ್ಲ. ಬಸ್ಸುಗಳಿಗೂ ಇಲ್ಲ, ಹೀಗಾಗಿ ನನ್ನ ಠರಾವು ಕೂಡ ಅಲ್ಲೇ ಮುರಿದುಬಿತ್ತು. ನಮ್ಮ ಕಡೆ ಅಮಾವಾಸ್ಯೆಯಂದು ಪೂಜೆ ಮಾಡಿಸಿಕೊಂಡು ಸುಮ್ಮನಿರುವುದು ಒಂದೇ, ಮಗ್ಗ. ಅಂದು ನೇಕಾರರು ಲಾಳಿ ಮುಟ್ಟುವುದಿಲ್ಲ.

ಕೈಯಲ್ಲಿದ್ದದ್ದು ಖಾಲಿ ಹಾಳೆಗಳಾಗಿರಲಿಲ್ಲ. ಒಂದೊಂದು ಹಾಳೆಯೂ ಇಳಕಲ್ಲಿನ ಯಾವುದೋ ಮನೆಯಲ್ಲಿ ಮಗ್ಗ ಬಡಿದ ಒಂದು ಪೆಟ್ಟು. ನಡುವಿನ ಬಿಡುವುಗಳಲ್ಲಿ ಎಳೆ ಹರಿದಿತ್ತು, ಇಲ್ಲವೇ ಯಾರೋ ಬಾಗಿಲಿಗೆ ಬಂದಿದ್ದರು, ಇಲ್ಲವೇ ಒಲೆಯ ಮೇಲೆ ಹಾಲು ಇತ್ತು. ಒಂದು ಊರು ಏಳುವುದು, ದುಡಿಯುವುದು, ಉಣ್ಣುವುದು, ಮತ್ತೆ ದುಡಿಯುವುದು, ಎಲ್ಲವೂ ಸೆಕೆಂಡಿನ ಲೆಕ್ಕದಲ್ಲಿ ನನ್ನ ಕೈಯಲ್ಲಿತ್ತು. ಯಾರೂ ಬರೆಯಬೇಕೆಂದು ಬರೆದದ್ದಲ್ಲ. ಇಂಥ ಅರ್ಜಿಯನ್ನು ನಾನು ಜನ್ಮದಲ್ಲಿ ಓದಿರಲಿಲ್ಲ.

ಮರುದಿನ ನಾನು ಹುನಗುಂದದಿಂದ, ಅವಳು ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಕೂಡಿಕೊಂಡೆವು. ಅತಿ ಹೆಚ್ಚು ಹಾಳೆಗಳನ್ನು ಕಳಿಸಿದ ಫೋನಿನ ಮನೆಯನ್ನು ಮೊದಲು ಹುಡುಕಿದೆವು. ಐವತ್ತು ದಾಟಿದ ಹೆಣ್ಣುಮಗಳೊಬ್ಬರು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಮಗ್ಗದ ಮುಂದೆ ಕುಳಿತಿದ್ದರು. ಎದುರಿನ ಅಡ್ಡಮರಕ್ಕೆ ಹಳೆಯ ಸೀರೆಯ ದಡಿಯ ತುಂಡಿನಿಂದ ಫೋನನ್ನು ಭದ್ರವಾಗಿ ಕಟ್ಟಿದ್ದರು. ನಮೂನೆ ಕಣ್ಣೆದುರಿಗೇ ಇರಬೇಕಲ್ಲ, ಕೈಯಲ್ಲಿ ಹಿಡಿದು ನೇಯಲಾಗದು. ಅವರು ಲಾಳಿ ಓಡಿಸಿ ಎಳೆ ಬಿಗಿಮಾಡುವ ಹಲಗೆಯನ್ನು ಎಳೆದು ಬಡಿದರು. ಮರ ನಡುಗಿತು. ಫೋನಿನಲ್ಲಿ ನಮೂನೆಯ ಮೇಲೆ ಬಿಳಿ ಪೆಟ್ಟಿಗೆ ಬಂದು ಕುಳಿತು, "ಏನು ತೊಂದರೆ?" ಎಂದಿತು. ಅವರು ಬೆರಳಿನ ಗೆಣ್ಣಿನಿಂದ ಹಸಿರು ಗುಂಡಿಯನ್ನು ತಟ್ಟಿ ಅದನ್ನು ಓಡಿಸಿದರು. ಮತ್ತೆ ಲಾಳಿ, ಮತ್ತೆ ಪೆಟ್ಟು, ಮತ್ತೆ "ಏನು ತೊಂದರೆ?"

ತಂಗಿಯ ಮಗಳು ಹಣೆಗೆ ಕೈ ಹಚ್ಚಿಕೊಂಡಳು.

"ಇದನ್ನ ಮಾಡಿದಾಕಿ ನೀನೇನವಾ?" ಎಂದು ಕೇಳಿದರು ಆಕೆ, ಕೈ ನಿಲ್ಲಿಸದೆ.

"ಹೌದ್ರಿ ಅಕ್ಕಾರ."

"ಛಲೋ ಆತು ಬಂದಿ. ನಾ ಒಂದೆಳಿ ಹಾಕೂದ್ರಾಗ ಇದು ಬಾಯಿ ತಗದು ತೊಂದರಿ ಏನು, ತೊಂದರಿ ಏನು ಅಂತ ಜೀವಾ ತಿಂತೈತಿ. ನನ್ನ ಅತ್ತಿ ಸೈತ ಇಷ್ಟು ಸಲ ಕೇಳಿಲ್ಲ. ತೊಂದರಿ ಅಂದ್ರ ನೀನ ಅಂತ ಅದಕ್ಕ ಹೆಂಗ ಬರೀಲಿ?"

"ಬರೀಬೇಕಾಗಿತ್ತಲ್ರಿ."

"ಅಷ್ಟು ಕಾಳಜಿ ಮಾಡಿ ಕೇಳ್ತೈತಿ, ಅದರ ಮಾರಿಮ್ಯಾಲ ಹೆಂಗ ಅನ್ನೂದು?"

"ಇದು ನನ್ನ ತಪ್ಪು" ಎಂದು ನಾನು ಒಪ್ಪಿಕೊಂಡೆ. "ಮುದುಕರ ಕೈಗೆ ಹಗುರ ಇರ್ಲಿ ಅಂತ ಹೇಳಿದವ ನಾನ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮುದುಕರು ನೇಯಾಕ ಬರ್ತಾರೇನು, ಯಜಮಾನರ?"

ನಾನು ಚೀಲದಿಂದ ಹಾಳೆಗಳನ್ನು ತೆಗೆದು ಉಳಿದಿದ್ದ ಒಗಟನ್ನು ಕೇಳಿದೆ. ಎಲ್ಲರೂ ನಮೂನೆಯ ಕೊನೆಯ ಸಾಲಿನಿಂದ ಯಾಕೆ ಶುರು ಮಾಡುತ್ತಾರೆ? ಆಕೆಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡನೆಯ ಸಲ ಕೇಳಿದಾಗ ಕೈ ನಿಲ್ಲಿಸಿ, ಮಗ್ಗದ ಮೇಲೆ ತಮ್ಮ ಹೊಟ್ಟೆಯ ಹತ್ತಿರ ಬೆರಳಿಟ್ಟು ತೋರಿಸಿದರು. "ಮೊದಲನೇ ಎಳಿ ಇಲ್ಲಿ ಬೀಳ್ತೈತಿ. ಎರಡನೇದು ಅದರ ಮ್ಯಾಲ. ಅರಿವಿ ಹಿಂಗ ಮ್ಯಾಲ ಮ್ಯಾಲ ಬೆಳೀತೈತಿ. ನಿಮ್ಮ ಫೋನಿನ್ಯಾಗ ಒಂದನೇ ಸಾಲು ತುದ್ಯಾಗ ಕುಂತೈತಿ, ದೀಪ ಕೆಳಗ ಕೆಳಗ ಇಳೀತೈತಿ. ನೀವು ಮನಿ ಕಟ್ಟೂ ಮುಂದ ಮಾಳಿಗಿ ಮೊದಲ ಹಾಕ್ತೀರೇನು?"

ನಾವಿಬ್ಬರೂ ಪುಸ್ತಕ ಓದುವವರು. ಬರಹವೆಂದರೆ ಮೇಲಿನಿಂದ ಕೆಳಕ್ಕೆ ಬರುವುದು ಎಂಬುದನ್ನು ಒಮ್ಮೆಯಾದರೂ ಸಂಶಯಿಸಿರಲಿಲ್ಲ. ಜಗತ್ತಿನ ಎಲ್ಲ ಮಾತನ್ನೂ ಸಂಶಯಿಸುವ ನಾನು, ಆ ನಮೂನೆಯ ಪುಟವನ್ನು ಮೊದಲ ದಿನ ನೋಡಿ, ಅಚ್ಚುಕಟ್ಟಾಗಿದೆ ಎಂದು ಹೊಗಳಿದ್ದೆ. ಬಾದಾಮಿಯ ಗುಹೆಯಲ್ಲಿ ಕಲ್ಲು ಕೊರೆದವರು ಸೂರಿನಿಂದ ನೆಲಕ್ಕೆ ಇಳಿಯುತ್ತ ಬಂದರೆಂದು ಎಲ್ಲೋ ಓದಿ, ಅದನ್ನು ಹತ್ತು ಮಂದಿಗೆ ಹೇಳಿದ್ದೆ. ಅಲ್ಲಿಂದ ಇಷ್ಟೇ ದೂರದಲ್ಲಿ ತಲೆಮಾರುಗಳಿಂದ ಕೆಳಗಿನಿಂದ ಮೇಲಕ್ಕೆ ನಡೆಯುತ್ತಿದ್ದ ಕೆಲಸ ನನಗೆ ಕಂಡಿರಲಿಲ್ಲ. ಆ್ಯಪನ್ನು ಜನ ಯಾಕೆ ಬಿಟ್ಟರು ಎಂಬುದಕ್ಕೆ ಉತ್ತರ ಇಷ್ಟೇ ಆಗಿತ್ತು. ಪ್ರತಿ ಸಾಲಿಗೂ ಅವರು ಚಿತ್ರವನ್ನು ಮನಸ್ಸಿನಲ್ಲೇ ತಲೆಕೆಳಗು ಮಾಡಿ ನೇಯಬೇಕಾಗಿತ್ತು. ಅದನ್ನು ಅವರು ತಮ್ಮ ತೊಂದರೆ ಎಂದುಕೊಂಡರೇ ಹೊರತು ನಮ್ಮ ತಪ್ಪು ಎಂದುಕೊಳ್ಳಲಿಲ್ಲ.

ತಂಗಿಯ ಮಗಳು ಕುಣಿಯ ದಂಡೆಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. "ಅಕ್ಕಾರ, ನೀವು ನಿಲ್ಲಸಬ್ಯಾಡ್ರಿ, ನೇಯ್ರಿ" ಎಂದಳು. ಆಕೆ ನೇಯತೊಡಗಿದರು. ಪೆಟ್ಟು, ಪೆಟ್ಟಿಗೆ, ಪೆಟ್ಟು, ಪೆಟ್ಟಿಗೆ. ಇವಳು ಯಾವುದೋ ಒಂದು ಗುಂಡಿ ಒತ್ತಿ ಕಾದಳು. ಇನ್ನೊಂದು ಪೆಟ್ಟು ಬಿತ್ತು, ಮರ ನಡುಗಿತು, ನಮೂನೆ ಹಾಗೆಯೇ ಉಳಿಯಿತು. ಆಕೆ ಅಭ್ಯಾಸದಂತೆ ಗೆಣ್ಣು ಎತ್ತಿದವರು ಅದನ್ನು ಗಾಳಿಯಲ್ಲೇ ಹಿಡಿದುಕೊಂಡರು. ಮತ್ತೊಂದು ಪೆಟ್ಟು. ಏನೂ ಇಲ್ಲ. ಫೋನನ್ನು ಯಾರೂ ಮುಟ್ಟಿರಲಿಲ್ಲ.

"ಮೂವತ್ತೂ ಮನ್ಯಾಗ ಬಂದ್ ಆತು" ಎಂದಳು ಇವಳು, ಮೆಲ್ಲಗೆ.

ಆ ಓಣಿಯಲ್ಲಿ ಅಕ್ಕಪಕ್ಕದ ಮನೆಗಳಿಂದ ಮಗ್ಗದ ಸದ್ದು ಕೇಳುತ್ತಿತ್ತು. ಅಲ್ಲೆಲ್ಲ ಅದೇ ಗಳಿಗೆಯಲ್ಲಿ ಎತ್ತಿದ ಗೆಣ್ಣುಗಳು ಗಾಳಿಯಲ್ಲಿ ನಿಂತಿರಬೇಕು ಎಂದು ಊಹಿಸಿಕೊಂಡೆ. ನಾನು ಕಣ್ಣಾರೆ ಕಾಣದ್ದನ್ನು ನಂಬುವವನಲ್ಲ, ಅಂದು ನಂಬಿದೆ.

ಸಾಲುಗಳನ್ನು ತಿರುವುಮುರುವು ಮಾಡಲು ಅವಳಿಗೆ ಎರಡು ದಿನ ಬೇಕಾಯಿತು. ಹೊಸ ಆವೃತ್ತಿಯನ್ನು ಮೊದಲು ಆಕೆಯ ಒಂದೇ ಫೋನಿಗೆ ಕಳಿಸಿದಳು. ಅವರು ಹೂಂ ಎಂದ ಮೇಲೆ ಉಳಿದವರಿಗೆ. ದೀಪ ಈಗ ಬುಡದಿಂದ ಮೇಲಕ್ಕೆ ಏರುತ್ತಿತ್ತು. ಅಹವಾಲಿನ ಪೆಟ್ಟಿಗೆ ಮೂಲೆಯ ಒಂದು ಚಿಕ್ಕ ಗುರುತಿನೊಳಗೆ ಸೇರಿತು. ಬೇಕಾದವರು ಒತ್ತಿದರೆ ಮಾತ್ರ ತೆರೆಯುವಂತೆ.

ಅದಾದ ಮೇಲೆ ಲ್ಯಾಪ್‌ಟಾಪಿಗೆ ಏನೂ ಬರಲಿಲ್ಲ. ಶ್ರಾವಣ ಪೂರ್ತಿ ಆ ಪುಟ ಬರಿದಾಗಿತ್ತು. ಫೋನುಗಳಲ್ಲಿ ಆ್ಯಪ್ ತೆರೆದಿರುವುದು ಉಸ್ತುವಾರಿಯ ಪುಟದಲ್ಲಿ ಕಾಣುತ್ತಿತ್ತು, ಆದರೆ ಅಧ್ಯಕ್ಷರು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ನೇಕಾರರ ಬಾಯಿಂದ ಬರ್ಲಿ" ಎಂದಿದ್ದರು. ಶ್ರಾವಣದ ಕೊನೆಯ ದಿನ, ಅಂದರೆ ಅಮಾವಾಸ್ಯೆಯಂದು, ನಾನು ಬಾಗಲಕೋಟೆಯ ಆ ಕಚೇರಿಯಲ್ಲಿದ್ದೆ. ಉಸ್ತುವಾರಿಯ ಪುಟವೂ ಅಂದು ಖಾಲಿ. ಗೆಳತಿ ಕುರ್ಚಿಯಿಂದ ಏಳುವುದು, ನೋಡುವುದು, ಮತ್ತೆ ಕೂಡುವುದು ಮಾಡುತ್ತಿದ್ದಳು.

"ಇವತ್ತ ಬರೂದಿಲ್ಲ" ಎಂದೆ. "ಇವತ್ತ ಬಂದ್ರ ನಾ ನಂಬೂದಿಲ್ಲ."

ತಂಗಿಯ ಮಗಳು ಬಾಗಿಲ ಕೀಲಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು.

ಮರುದಿನ ಮುಂಜಾನೆ ಮಗ್ಗಗಳು ಏಳುವ ಹೊತ್ತಿಗೆ ಮೊದಲನೆಯದು ಬಂತು, ಅದೇ ಹೆಣ್ಣುಮಗಳ ಫೋನಿನಿಂದ. ಅದರಲ್ಲಿ ಅಕ್ಷರಗಳಿದ್ದವು: "ಈ ನಮೂನಿ ಮುಗೀತು. ಇನ್ನೊಂದು ಯಾವಾಗ ಕಳಸ್ತಿ?" ಆಮೇಲೆ ಇನ್ನೊಂದು ಮನೆಯಿಂದ, ಮತ್ತೊಂದರಿಂದ. ಒಬ್ಬರು ಹಸಿರು ಬಣ್ಣ ಫೋನಿನಲ್ಲಿ ಬೇರೆ, ನೂಲಿನಲ್ಲಿ ಬೇರೆ ಕಾಣುತ್ತದೆಂದು ತಕರಾರು ಮಾಡಿದ್ದರು. ಅವಳು ಆ ತಕರಾರನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಊಟದ ಹೊತ್ತಿಗೆ ಅಧ್ಯಕ್ಷರ ಫೋನು ಬಂತು. "ಏನವಾ, ಮುಂಜಾನಿಂದ ನನ್ನ ಮನಿ ಮುಂದ ಮಂದಿ ನಿಂತಾರ, ಎರಡನೇ ನಮೂನಿ ಎಲ್ಲಿ ಅಂತ. ಇನ್ನ ನಾ ಕಾಗದಾ ಹಂಚ್ತೇನಿ ಅಂದ್ರ ಬಿಡ್ತಾರೇನು? ನಡಸ್ರಿ."

ಅವಳು ಕೀಲಿಯನ್ನು ಮೇಜಿನ ಒಳಗಿಟ್ಟಳು. ಮೊದಲ ಅಹವಾಲನ್ನು ಮತ್ತೆ ತೆರೆದು, ಅದರ ಕೆಳಗೆ ಉತ್ತರ ಬರೆಯುವ ಜಾಗವನ್ನು ನನಗೆ ತೋರಿಸಿದಳು. "ಮಾಮಾ, ಎರಡನೇದು ರಾತ್ರಿಯೊಳಗ ತಯಾರಾಗ್ತೈತಿ. ಇವರಿಗೆ ಏನಂತ ಬರೀಲಿ? ನೀ ಹೇಳು, ನಿನ್ನ ಕೆಲಸ ಇದು."

ನನ್ನ ನಾಲಿಗೆಯ ತುದಿಗೆ ಮಾನ್ಯರೇ, ತಮ್ಮ ಅಹವಾಲಿಗೆ ಸಂಬಂಧಿಸಿದಂತೆ, ಎಂಬುದೆಲ್ಲ ಬಂದು ನಿಂತಿತ್ತು. ಬಾಗಲಕೋಟೆಯಲ್ಲಿ ನಾವು ಕುಳಿತಿದ್ದೆವು. ಇಳಕಲ್ಲಿನಲ್ಲಿ ಆಕೆ ಲಾಳಿ ಹಿಡಿದು, ಅಡ್ಡಮರಕ್ಕೆ ಕಟ್ಟಿದ ಫೋನಿನ ಕಡೆ ನೋಡುತ್ತ ಕಾಯುತ್ತಿದ್ದರು.

"ನಾಳೆ ಅಂತ ಬರಿ" ಎಂದೆ.

"ಅಷ್ಟ?"

"ಅಷ್ಟ. ಅವರ ಕೈ ಖಾಲಿ ಇಲ್ಲ."